ವಾಕರ್ ಮನೆತನದ ಅಜ್ಜ ಏನು ಕೆಲಸ ಮಾಡುತ್ತಿದ್ದ?

ಪ್ರಶ್ನೆ: ನನ್ನ ಮಗಳು, ಅಳಿಯ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ಮೊಮ್ಮಗಳು ಅಲ್ಲೇ ಮೂರನೇ ಕ್ಲಾಸು. ಅವಳ ಟೀಚರ್ ಅಡ್ಡಹೆಸರು ವಾಕರ್. ಮೊನ್ನೆ ಫೋನಿನಲ್ಲಿ "ಅಜ್ಜಿ, ಅವರ ಮನೆಯವರು ದಿನಾ ವಾಕಿಂಗ್ ಹೋಗ್ತಿದ್ರಾ, ಅದಕ್ಕೇ ಆ ಹೆಸರಾ?" ಅಂತ ಕೇಳಿದಳು. ನಮ್ಮ ಕಡೆ ಬಡಿಗೇರ, ಹೂಗಾರ, ಪತ್ತಾರ ಅಂತ ಕೆಲಸದಿಂದ ಬಂದ ಅಡ್ಡಹೆಸರುಗಳಿವೆ. ಹಾಗೆಯೇ ಇದು ಟಪಾಲು ಹೊತ್ತು ನಡೆಯುತ್ತಿದ್ದವರ ಹೆಸರಿರಬೇಕು ಅನ್ನುತ್ತಾರೆ ನಮ್ಮ ಯಜಮಾನರು. ನಿಜ ಯಾವುದು? ಅದೇ ಶಾಲೆಯಲ್ಲಿ ಫುಲ್ಲರ್, ಟಕ್ಕರ್ ಅನ್ನುವ ಟೀಚರುಗಳೂ ಇದ್ದಾರಂತೆ. ಆ ಹೆಸರುಗಳ ಅರ್ಥವನ್ನೂ ತಿಳಿಸಿ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಯಜಮಾನರ ಊಹೆ ಅರ್ಧ ಸರಿ. ಅದು ಕೆಲಸದಿಂದಲೇ ಬಂದ ಹೆಸರು. ಮೊಮ್ಮಗಳ ಊಹೆಯೂ ಅರ್ಧ ಸರಿ. ಅದು ಕಾಲಿನಿಂದ ಮಾಡುವ ಕೆಲಸ. ಆದರೆ ಟಪಾಲೂ ಅಲ್ಲ, ವಾಕಿಂಗೂ ಅಲ್ಲ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆಯನ್ನು ನೀರಿನ ತೊಟ್ಟಿಗೆ ಹಾಕಿ, ಅದರೊಳಗೆ ಇಳಿದು, ಗಂಟೆಗಟ್ಟಲೆ ತುಳಿಯುತ್ತಿದ್ದವನು ವಾಕರ್.

ಪತ್ರದ ಕೊನೆಯಲ್ಲಿ ನೀವು ಸುಮ್ನೆ ಸೇರಿಸಿದ ಫುಲ್ಲರ್, ಟಕ್ಕರ್ ಇದ್ದಾರಲ್ಲ, ಅವರೂ ಇದೇ ಕೆಲಸದವರು. ಒಂದೇ ಕೆಲಸಕ್ಕೆ ಇಂಗ್ಲೆಂಡಿನ ಮೂರು ಸೀಮೆಗಳಲ್ಲಿ ಮೂರು ಹೆಸರು. ಆ ಮೂರೂ ಹೆಸರಿನವರು ಒಂದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ, ಅದೂ ಉಣ್ಣೆಯಿಂದಲೇ ಬೆಳೆದ ಲೀಡ್ಸ್ ಊರಿನಲ್ಲಿ! ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ.

ಬಟ್ಟೆಯನ್ನು ಯಾಕೆ ತುಳಿಯಬೇಕು? ಇದು ಗೊತ್ತಾಗದೆ ಹೆಸರು ಅರ್ಥವಾಗುವುದಿಲ್ಲ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಗ್ಗದಿಂದ ಆಗಷ್ಟೇ ಇಳಿಸಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ. ಬೆಳಕಿಗೆ ಹಿಡಿದರೆ ಎಳೆ ಎಳೆಯೂ ಕಾಣುತ್ತದೆ. ಮುಟ್ಟಿದರೆ ಜಿಡ್ಡು. ಕುರಿಯ ಮೈಯ ಜಿಡ್ಡು ಒಂದು ಕಡೆ, ನೂಲುವಾಗ ಉಣ್ಣೆ ಸಲೀಸಾಗಿ ಜಾರಲಿ ಅಂತ ಸವರಿದ ಎಣ್ಣೆಯೋ ಬೆಣ್ಣೆಯೋ ಇನ್ನೊಂದು ಕಡೆ. ಆ ಬಟ್ಟೆಯಲ್ಲಿ ಕೋಟು ಹೊಲಿದರೆ ಲೀಡ್ಸ್ ಇರುವ ಯಾರ್ಕ್‌ಶೈರಿನ ಗಾಳಿ ನೇರ ಒಳಗೆ ಬರುತ್ತದೆ. ಮಳೆಯನ್ನು ಅದು ತಡೆಯುವ ಮಾತೇ ಇಲ್ಲ.

ನಮ್ಮ ಮನೆಯಲ್ಲಿ ಒಮ್ಮೆ ಒಂದು ಒಳ್ಳೆಯ ಉಣ್ಣೆ ಸ್ವೆಟರನ್ನು ಬೇರೆ ಬಟ್ಟೆಗಳ ಜೊತೆ ಬಿಸಿನೀರಿನಲ್ಲಿ ವಾಷಿಂಗ್ ಮಷಿನ್‌ಗೆ ಹಾಕಿಬಿಟ್ಟೆವು. ಹೊರಗೆ ತೆಗೆದಾಗ ಅದು ಐದು ವರ್ಷದ ಮಗುವಿನ ಅಳತೆಗೆ ಇಳಿದಿತ್ತು. ಆದರೆ ಕೈಯಲ್ಲಿ ಹಿಡಿದು ನೋಡಿದರೆ ದಪ್ಪ, ಮೆತ್ತಗೆ, ಹೆಣಿಗೆಯ ಒಂದು ತೂತೂ ಕಾಣುವುದಿಲ್ಲ. ಕತ್ತರಿಯಿಂದ ಕತ್ತರಿಸಿದರೂ ಎಳೆ ಬಿಚ್ಚಿಕೊಳ್ಳಲಿಲ್ಲ. ಉಣ್ಣೆಯ ಪ್ರತಿ ಕೂದಲಿನ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ, ಮೀನಿನ ಮೈಮೇಲೆ ಇರುವ ಹಾಗೆ. ಬಿಸಿ, ನೀರು, ಒತ್ತಡ ಮೂರೂ ಸೇರಿದರೆ ಆ ಪೊರೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒಮ್ಮೆ ಕಚ್ಚಿಕೊಂಡರೆ ಮತ್ತೆ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ನಷ್ಟವಾದದ್ದೇ ಅಂದಿನ ಇಂಗ್ಲೆಂಡಿನಲ್ಲಿ ಕೂಲಿ ಕೊಟ್ಟು ಮಾಡಿಸುವ ಕೆಲಸವಾಗಿತ್ತು. ಬಟ್ಟೆ ಅಗಲದಲ್ಲಿ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ ಕುಗ್ಗುತ್ತಿತ್ತು. ಕುಗ್ಗಿದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ಬೆಲೆ. ನೇಕಾರರು ಅದನ್ನು ಮೊದಲೇ ಲೆಕ್ಕ ಹಾಕಿ ಬಟ್ಟೆಯನ್ನು ಬಹಳ ಅಗಲವಾಗಿ ನೇಯುತ್ತಿದ್ದರು.

ನಿಮಗೆ ಕಂಬಳಿ ಒಗೆದು ಗೊತ್ತಿರುತ್ತದೆ, ಅಲ್ವಾ? ನೆನೆದ ಕಂಬಳಿಯನ್ನು ಎತ್ತಿ ಕಲ್ಲಿಗೆ ಬಡಿಯುವುದಕ್ಕೆ ಆಗುವುದಿಲ್ಲ. ಕಾಲಿನಲ್ಲಿ ತುಳಿದೇ ಒಗೆಯಬೇಕು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಗೋಡೆ ಹಿಡಿದು, ಹಿಮ್ಮಡಿಯಿಂದ ಒತ್ತಿ ಒತ್ತಿ ತುಳಿಯುತ್ತೇವೆ. ವಾಕರ್‌ನ ಕೆಲಸವೂ ನೋಡುವುದಕ್ಕೆ ಹಾಗೇ ಇತ್ತು. ನಾವು ಅರ್ಧ ಗಂಟೆಗೆ ಮುಗಿಸುತ್ತೇವೆ, ಅವನು ದಿನವಿಡೀ ನಿಂತಿರುತ್ತಿದ್ದ. ನಮ್ಮಲ್ಲಿ ಕುರುಬರು ಕಂಬಳಿಯ ನೂಲನ್ನು ಬಿಗಿ ಮಾಡಲು ಹುಣಸೆ ಬೀಜದ ಸರಿ ಹಾಕುತ್ತಾರೆ. ಅಲ್ಲಿನವರು ಬಿಗಿ ಮಾಡಲು ಬಟ್ಟೆಯನ್ನೇ ತುಳಿದರು.

ತೊಟ್ಟಿಯಲ್ಲಿ ಬರೀ ನೀರು ಇರುತ್ತಿರಲಿಲ್ಲ. ಇದನ್ನು ಮೊಮ್ಮಗಳಿಗೆ ಹೇಳಿದರೆ ಮುಖ ಕಿವುಚುತ್ತಾಳೆ, ಆದರೂ ಹೇಳಿ, ಮಕ್ಕಳಿಗೆ ಇಂಥದ್ದೇ ಚೆನ್ನಾಗಿ ನೆನಪಿರುತ್ತದೆ. ಅದರಲ್ಲಿ ಇರುತ್ತಿದ್ದದ್ದು ಹಳಸಿದ ಮೂತ್ರ. ಹಲವು ದಿನ ಇಟ್ಟ ಮೂತ್ರದಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಜಿಡ್ಡನ್ನು ಸೋಪಿನ ಹಾಗೆ ಬಿಡಿಸುತ್ತದೆ. ರೋಮನ್ನರ ಕಾಲದಿಂದಲೂ ಇದು ನಡೆದಿತ್ತು. ಇಟಲಿಯ ಪಾಂಪೆಯಲ್ಲಿ ಕ್ರಿ.ಶ. 79ರ ಜ್ವಾಲಾಮುಖಿಯ ಬೂದಿಯಲ್ಲಿ ಹುಗಿದುಹೋಗಿದ್ದ ಇಂಥ ಕಾರ್ಖಾನೆಗಳು ಸಿಕ್ಕಿವೆ. ಅಲ್ಲಿನ ಒಂದು ಗೋಡೆ ಚಿತ್ರದಲ್ಲಿ ಕೆಲಸಗಾರರು ತೊಟ್ಟಿಗಳೊಳಗೆ ನಿಂತು ಬಟ್ಟೆ ತುಳಿಯುತ್ತಿದ್ದಾರೆ. ಅದೇ ಕಾಲದ ಚಕ್ರವರ್ತಿ ವೆಸ್ಪಾಸಿಯನ್ ಸಾರ್ವಜನಿಕ ಮೂತ್ರದ ಮೇಲೆ ತೆರಿಗೆ ಹಾಕಿದ. ಅವನ ಮಗ ಟೈಟಸ್ ಇದು ಅಸಹ್ಯ ಅಂದಾಗ, ತೆರಿಗೆಯಿಂದ ಬಂದ ನಾಣ್ಯವನ್ನು ಅವನ ಮೂಗಿಗೆ ಹಿಡಿದು ವಾಸನೆ ಬರುತ್ತಿದೆಯಾ ಅಂತ ಕೇಳಿದನಂತೆ. ಮೂತ್ರಕ್ಕೆ ತೆರಿಗೆ ಹಾಕುವಷ್ಟು ಬೇಡಿಕೆ ಇದ್ದದ್ದು ಮುಖ್ಯವಾಗಿ ಈ ಬಟ್ಟೆ ತುಳಿಯುವವರಿಂದ ಮತ್ತು ಚರ್ಮ ಹದ ಮಾಡುವವರಿಂದ.

ಇನ್ನೊಂದು ವಸ್ತು ನಿಮ್ಮ ಮನೆಯಲ್ಲೇ ಇರಬಹುದು. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ. ಅದರ ಇಂಗ್ಲಿಷ್ ಹೆಸರು ಪ್ಯಾಕೆಟ್ಟಿನ ಮೇಲೇ ಇರುತ್ತದೆ, ಫುಲ್ಲರ್ಸ್ ಅರ್ತ್. ಅಂದರೆ ಫುಲ್ಲರ್‌ನ ಮಣ್ಣು. ನಿಮ್ಮ ಮೊಮ್ಮಗಳ ಶಾಲೆಯಲ್ಲಿರುವ ಅದೇ ಫುಲ್ಲರ್! ಮುಖದ ಜಿಡ್ಡನ್ನು ಅದು ಹೇಗೆ ಹೀರುತ್ತದೋ, ಬಟ್ಟೆಯ ಜಿಡ್ಡನ್ನೂ ಹಾಗೇ ಹೀರುತ್ತದೆ. ಒಂದು ಹಳೆಯ ಬಟ್ಟೆಯ ಮೇಲೆ ಎರಡು ಹನಿ ಎಣ್ಣೆ ಬಿಟ್ಟು, ಮುಲ್ತಾನಿ ಮಿಟ್ಟಿಯನ್ನು ಕಲಸಿ ಹಚ್ಚಿ, ಒಣಗಿದ ಮೇಲೆ ಉದುರಿಸಿ ನೋಡಿ. ಕಲೆ ಬಹಳಷ್ಟು ಮಾಸಿರುತ್ತದೆ. ನಮಗೆ ಈ ಮಣ್ಣು ಮುಲ್ತಾನಿನ ಹೆಸರಿನಲ್ಲಿ ಬಂತು. ಇಂಗ್ಲೆಂಡಿನಲ್ಲಿ ಅದನ್ನು ಸರ್ರಿ ಜಿಲ್ಲೆಯ ನಟ್‌ಫೀಲ್ಡ್ ಸುತ್ತಮುತ್ತ ಅಗೆಯುತ್ತಿದ್ದರು. 17ನೇ ಶತಮಾನದಲ್ಲಿ ಇಂಗ್ಲೆಂಡು ಈ ಮಣ್ಣನ್ನು ಹೊರದೇಶಕ್ಕೆ ಸಾಗಿಸುವುದನ್ನೇ ನಿಷೇಧಿಸಿತ್ತು. ಬೇರೆ ದೇಶದ ನೇಕಾರರಿಗೆ ಒಳ್ಳೆಯ ಮಣ್ಣು ಸಿಕ್ಕರೆ ತಮ್ಮ ಬಟ್ಟೆಗೆ ಪೈಪೋಟಿ ಬರುತ್ತದೆ ಅನ್ನುವ ಭಯ.

ತುಳಿದು ತೊಳೆದ ಮೇಲೆ ಬಟ್ಟೆಯನ್ನು ಬಯಲಿನಲ್ಲಿ ಉದ್ದನೆಯ ಮರದ ಚೌಕಟ್ಟುಗಳಿಗೆ ಬಿಗಿದು ಒಣಗಿಸುತ್ತಿದ್ದರು. ಚೌಕಟ್ಟಿನ ಉದ್ದಕ್ಕೂ ಸಾಲಾಗಿ ಕೊಕ್ಕೆ ಮೊಳೆಗಳು. ಚೌಕಟ್ಟಿಗೆ ಟೆಂಟರ್ ಅಂತ ಹೆಸರು, ಮೊಳೆಗೆ ಟೆಂಟರ್‌ಹುಕ್. ಇವತ್ತಿಗೂ ಇಂಗ್ಲಿಷರು ತುದಿಗಾಲಲ್ಲಿ ಕಾಯುತ್ತಿರುವವರನ್ನು ಟೆಂಟರ್‌ಹುಕ್ ಮೇಲೆ ಇದ್ದಾರೆ ಅನ್ನುತ್ತಾರೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಟೆಂಟರ್ ಗ್ರೌಂಡ್ ಅನ್ನುವ ಬೀದಿ ಈಗಲೂ ಇದೆ.

ಇನ್ನು ಪದಕ್ಕೆ ಬರೋಣ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್‌ನಲ್ಲಿ ವೆಆಲ್ಕನ್ ಅನ್ನುವ ಕ್ರಿಯಾಪದ ಇತ್ತು. ಅದರ ಅರ್ಥ ಉರುಳಿಸು, ಹೊರಳಿಸು, ಆ ಕಡೆ ಈ ಕಡೆ ತೂಗಾಡಿಸು. ಸಮುದ್ರದ ಅಲೆಗಳ ಹೊರಳಾಟಕ್ಕೂ ಅದೇ ಪದ. ಬಟ್ಟೆಯನ್ನು ಹೊರಳಿಸಿ ತುಳಿಯುವವನು ವೆಆಲ್ಕೆರೆ. ಅದೇ ಸವೆದು ವಾಕರ್ ಆಯಿತು. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ನಡುವೆ ಎಲ್ ಅಕ್ಷರ ಸುಮ್ನೆ ಕೂತಿದೆಯಲ್ಲ, ಅದು ಹಿಂದೆ ಬಾಯಲ್ಲೂ ಇತ್ತು. ಈಗ ಬರಹದಲ್ಲಿ ಮಾತ್ರ ಉಳಿದಿದೆ. ಕಾಲ ಕಳೆದಂತೆ ಆ ಕ್ರಿಯಾಪದ ಹೊರಳಾಟದಿಂದ ಓಡಾಟಕ್ಕೆ, ಓಡಾಟದಿಂದ ಕಾಲ್ನಡಿಗೆಗೆ ಜಾರಿತು. ನಡೆ ಅನ್ನುವ ಅರ್ಥ ಗಟ್ಟಿಯಾದದ್ದು 13ನೇ ಶತಮಾನದಿಂದ ಈಚೆಗೆ. ಕೆಲಸಗಾರನ ಹೆಸರು ಅದಕ್ಕಿಂತ ಹಳೆಯದು. ಅದಕ್ಕೇ ಇವತ್ತಿನ ಡಿಕ್ಷನರಿ ತೆರೆದು ಹಳೆಯ ಅಡ್ಡಹೆಸರಿಗೆ ಅರ್ಥ ಹುಡುಕಬಾರದು ಅಂತ ನಾನು ಪದೇ ಪದೇ ಹೇಳುವುದು. ಪದಗಳು ಅರ್ಥ ಬದಲಿಸುತ್ತಾ ಹೋಗುತ್ತವೆ. ಅಡ್ಡಹೆಸರು ಮಾತ್ರ ಹುಟ್ಟಿದ ದಿನದ ಅರ್ಥವನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಜರ್ಮನ್, ಡಚ್ ಭಾಷೆಗಳಲ್ಲಿ ಈ ಪದದ ಒಡಹುಟ್ಟು ವಾಲ್ಕನ್ ಇವತ್ತಿಗೂ ಬಟ್ಟೆ ತುಳಿ ಅನ್ನುವ ಅರ್ಥದಲ್ಲೇ ಇದೆ. ಜರ್ಮನಿಯಲ್ಲೂ ವಾಲ್ಕರ್ ಅನ್ನುವ ಅಡ್ಡಹೆಸರಿನವರಿದ್ದಾರೆ.

ಜಾನಿ ವಾಕರ್ ವಿಸ್ಕಿ ಬಾಟಲಿಯ ಚಿತ್ರ ನೆನಪಿದೆಯಾ? ಟೋಪಿ ಹಾಕಿಕೊಂಡು ಕೋಲು ಹಿಡಿದು ದಾಪುಗಾಲು ಹಾಕುವ ಮನುಷ್ಯ. ಜಾನ್ ವಾಕರ್ ಸ್ಕಾಟ್‌ಲೆಂಡಿನ ಕಿಲ್ಮಾರ್ನಾಕ್ ಊರಿನಲ್ಲಿ 1820ರಲ್ಲಿ ದಿನಸಿ ಅಂಗಡಿ ಇಟ್ಟವನು. ದಾಪುಗಾಲಿನ ಚಿತ್ರವನ್ನು ಟಾಮ್ ಬ್ರೌನ್ ಅನ್ನುವ ಕಲಾವಿದ ಬರೆದದ್ದು 1908ರಲ್ಲಿ. ಅಷ್ಟು ಹೊತ್ತಿಗೆ ವಾಕರ್ ಅಂದರೆ ನಡೆಯುವವನು ಅಂತಲೇ ಎಲ್ಲರಿಗೂ ಕಾಣುತ್ತಿತ್ತು. ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆ ಮಾತ್ರ ನಿಜ ಮರೆತಿರಲಿಲ್ಲ. ವಾಕರ್ ಮನೆತನಕ್ಕೆ ಗೇಲಿಕ್‌ನಲ್ಲಿ ಇರುವ ಹೆಸರಿನ ಅರ್ಥ ಬಟ್ಟೆ ತುಳಿಯುವವನ ಮಗ.

ಫುಲ್ಲರ್ ಬಂದದ್ದು ಲ್ಯಾಟಿನ್‌ನ ಫುಲ್ಲೋ ಪದದಿಂದ. ರೋಮಿನಲ್ಲಿ ಈ ಕೆಲಸದವನಿಗೆ ಇದ್ದ ಹೆಸರೇ ಅದು. ಹಳೆಯ ಇಂಗ್ಲಿಷಿಗೆ ಅದು ಮೊದಲೇ ಸೇರಿತ್ತು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಇಂಥದ್ದೇ ಪದವೂ ಬಂದು ಬಲ ಕೊಟ್ಟಿತು. ಆದ್ದರಿಂದ ಲಂಡನ್ನಿನ ಸುತ್ತ, ತೆಂಕಣ ಮತ್ತು ಮೂಡಣ ಇಂಗ್ಲೆಂಡಿನಲ್ಲಿ ಫುಲ್ಲರ್ ಜಾಸ್ತಿ.

ಟಕ್ಕರ್ ಕಥೆ ಕೇಳಿದರೆ ಬಟ್ಟೆಯ ಮೇಲೆ ಕನಿಕರ ಬರುತ್ತದೆ. ಅದರ ಮೂಲ ಹಳೆಯ ಇಂಗ್ಲಿಷಿನ ಟೂಕಿಯನ್, ಅಂದರೆ ಹಿಂಸಿಸು, ಪೀಡಿಸು. ಬಟ್ಟೆಯನ್ನು ಹಿಡಿದು ಜಗ್ಗಿ, ಎಳೆದು, ತುಳಿದು ಮಾಡುವ ಕೆಲಸವಲ್ಲವೇ? ಇದು ಪಡುವಣ ಮೂಲೆಯ ಹೆಸರು. ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್ ಕಡೆಯದು. ಡೆವನ್ನಿನ ಎಕ್ಸಿಟರ್ ಪಟ್ಟಣದಲ್ಲಿ 1471ರಲ್ಲಿ ಕಟ್ಟಿದ ಒಂದು ಕಟ್ಟಡ ಇನ್ನೂ ನಿಂತಿದೆ. ನೇಕಾರರು, ಬಟ್ಟೆ ತುಳಿಯುವವರು, ಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವವರು ಸೇರಿ ಕಟ್ಟಿಕೊಂಡ ಸಂಘದ ಮನೆ ಅದು. ಅದರ ಹೆಸರು ಟಕ್ಕರ್ಸ್ ಹಾಲ್. ಇದನ್ನೇ ಯಾರ್ಕ್‌ಶೈರಿನಲ್ಲಿ ಕಟ್ಟಿದ್ದರೆ ವಾಕರ್ಸ್ ಹಾಲ್ ಆಗುತ್ತಿತ್ತು. ಬೀದಿಗಳ ಹೆಸರಿನಲ್ಲೂ ಇದೇ ಗಡಿ ಕಾಣುತ್ತದೆ. ಪಡುವಣದ ಬ್ರಿಸ್ಟಲ್‌ನಲ್ಲಿ ಟಕ್ಕರ್ ಸ್ಟ್ರೀಟ್ ಇತ್ತು. ಯಾರ್ಕ್‌ಶೈರಿನ ಬೆವರ್ಲಿಯಲ್ಲಿ ಇರುವುದು ವಾಕರ್‌ಗೇಟ್, ಅಂದರೆ ವಾಕರ್‌ಗಳ ಬೀದಿ.

ಈ ಮೂರು ಹೆಸರುಗಳನ್ನು ಹಿಡಿದು ಇಂಗ್ಲೆಂಡಿನ ನಕ್ಷೆಯ ಮೇಲೆ ಗೆರೆ ಎಳೆಯಬಹುದು. ಬಡಗಣ ಮತ್ತು ನಡುನಾಡು ವಾಕರ್, ತೆಂಕಣ ಮೂಡಣ ಫುಲ್ಲರ್, ಪಡುವಣ ಮೂಲೆ ಟಕ್ಕರ್. 700 ವರ್ಷಗಳ ಹಿಂದೆ ಯಾವ ಊರಿನ ಜನ ಯಾವ ಮಾತು ಆಡುತ್ತಿದ್ದರು ಅನ್ನುವುದಕ್ಕೆ ಇಂಥ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ. ಆಗ ಹಳ್ಳಿಯ ಮಾತನ್ನು ಯಾರೂ ಕೂತು ಬರೆದಿಡಲಿಲ್ಲ. ತೆರಿಗೆ ಪಟ್ಟಿಯಲ್ಲಿ ಹೆಸರು ಮಾತ್ರ ಬರೆದರು. ಆ ಹೆಸರಿನೊಳಗೆ ಮಾತು ಉಳಿದುಕೊಂಡಿತು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಇದೇ.

ತೆರಿಗೆ ಪಟ್ಟಿ ಅಂದೆನಲ್ಲ. 1379ರಲ್ಲಿ ಇಂಗ್ಲೆಂಡಿನ ದೊರೆ ತಲೆಗಂದಾಯ ಹಾಕಿದ. ಬಡವರಿಗೆ 4 ಪೆನ್ನಿ, ಕಸುಬುದಾರರಿಗೆ ಅದಕ್ಕಿಂತ ಜಾಸ್ತಿ. ಲೀಡ್ಸ್ ಇರುವ ಪಡು ಯಾರ್ಕ್‌ಶೈರಿನ ಪಟ್ಟಿ ಚೆನ್ನಾಗಿ ಉಳಿದುಬಂದಿದೆ. ಅದರಲ್ಲಿ ವಾಕರ್ ಇದ್ದಾರೆ, ನೇಯುವ ವೆಬ್‌ಸ್ಟರ್ ಇದ್ದಾರೆ, ಬಣ್ಣ ಹಾಕುವ ಲಿಸ್ಟರ್ ಇದ್ದಾರೆ. ಒಂದು ತುಂಡು ಬಟ್ಟೆಯನ್ನು ಕುರಿಯಿಂದ ದರ್ಜಿಯ ತನಕ ಕೈಯಿಂದ ಕೈಗೆ ದಾಟಿಸಿದವರೆಲ್ಲ ಅಲ್ಲಿ ಸಾಲಾಗಿ ಸಿಗುತ್ತಾರೆ. ಬಟ್ಟೆಯ ನವಿರು ಕತ್ತರಿಸುತ್ತಿದ್ದವನು ಶೆರ್ಮನ್. ಹೊಲಿಯುವವನು ಟೇಲರ್, ಅದನ್ನು ನಿಮಗೆ ಹೇಳಬೇಕಿಲ್ಲ. ಅಡ್ಡಹೆಸರು ಅಪ್ಪನಿಂದ ಮಗನಿಗೆ ಇಳಿಯುವ ಪದ್ಧತಿ ಬೇರೂರುತ್ತಿದ್ದದ್ದೂ ಆ ಕಾಲದಲ್ಲೇ. ಅದಕ್ಕೆ ಮೊದಲು ವಾಕರ್ ಅಂದರೆ ಆ ಮನುಷ್ಯನ ಕೆಲಸ ಮಾತ್ರ. ಮಗ ಬೇರೆ ಕೆಲಸ ಹಿಡಿದರೆ ಹೆಸರೂ ಬೇರೆ. ಆಮೇಲೆ ಮಗ ರೊಟ್ಟಿ ಸುಟ್ಟರೂ ವಾಕರ್, ಮೊಮ್ಮಗ ಪಾಠ ಹೇಳಿದರೂ ವಾಕರ್.

ಕಾಲಿನಿಂದ ತುಳಿಯುವ ಕೆಲಸ ಹಾಗಾದರೆ ಯಾವಾಗ ನಿಂತಿತು? ಇದರ ಉತ್ತರ ನಿಮ್ಮ ಮೊಮ್ಮಗಳ ಊರಿನ ಅಂಚಿನಲ್ಲೇ ಇದೆ. ಲೀಡ್ಸ್‌ನ ಮೂಡಣಕ್ಕೆ ಟೆಂಪಲ್ ನ್ಯೂಸಮ್ ಅನ್ನುವ ದೊಡ್ಡ ಪಾರ್ಕು, ಬಂಗಲೆ ಇದೆ. ಹಿಂದೆ ಅದು ಟೆಂಪ್ಲರ್ ಅನ್ನುವ ಸೈನಿಕ ಸನ್ಯಾಸಿಗಳ ಜಮೀನು. 1185ರಲ್ಲಿ ಅವರು ತಮ್ಮ ಆಸ್ತಿಯ ಪಟ್ಟಿ ಮಾಡಿಸಿದರು. ನ್ಯೂಸಮ್‌ನಲ್ಲಿ ಬಟ್ಟೆ ಕುಟ್ಟುವ ನೀರಿನ ಗಿರಣಿ ಇದೆ ಅಂತ ಅದರಲ್ಲಿ ಬರೆದಿದೆ. ಇಂಗ್ಲೆಂಡಿನಲ್ಲಿ ಇಂಥ ಗಿರಣಿಯ ಬಗ್ಗೆ ಸಿಕ್ಕಿರುವ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಹೊಳೆಯ ನೀರು ಚಕ್ರ ತಿರುಗಿಸುತ್ತದೆ. ಚಕ್ರದ ಅಚ್ಚಿನ ಮೇಲಿನ ಹಲ್ಲುಗಳು ಭಾರವಾದ ಮರದ ಕೊಡತಿಗಳನ್ನು ಎತ್ತಿ ಎತ್ತಿ ಬಿಡುತ್ತವೆ. ಕೊಡತಿ ದಬದಬ ಅಂತ ತೊಟ್ಟಿಯಲ್ಲಿರುವ ಬಟ್ಟೆಯ ಮೇಲೆ ಬೀಳುತ್ತದೆ. ಬಟ್ಟೆ ಏಟಿಗೆ ತಾನಾಗಿ ಮಗುಚಿಕೊಳ್ಳುತ್ತದೆ. ಹತ್ತು ಕಾಲುಗಳ ಕೆಲಸಕ್ಕೆ ಒಬ್ಬ ಮನುಷ್ಯನ ಉಸ್ತುವಾರಿ ಸಾಕು. ನೂಲುವುದಕ್ಕೂ ನೇಯುವುದಕ್ಕೂ ಯಂತ್ರ ಬರಲು ಇನ್ನೂ 600 ವರ್ಷ ಬೇಕಿತ್ತು. ತುಳಿಯುವವನ ಕೆಲಸಕ್ಕೆ ಯಂತ್ರ ಅಷ್ಟು ಬೇಗ ಬಂತು.

ಜನ ಅದನ್ನು ತೆಪ್ಪಗೆ ಒಪ್ಪಿಕೊಳ್ಳಲಿಲ್ಲ. ಗಿರಣಿ ಸಾಮಾನ್ಯವಾಗಿ ಜಮೀನ್ದಾರನದು ಅಥವಾ ಮಠದ್ದು. ಬಟ್ಟೆಯನ್ನು ಅಲ್ಲೇ ತರಬೇಕು, ಕೂಲಿಯನ್ನು ಅಲ್ಲೇ ಕಟ್ಟಬೇಕು ಅನ್ನುವ ಕಟ್ಟಳೆ. ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಜನ ಮಠದ ಗಿರಣಿಗೆ ಹೋಗದೆ ಮನೆಯಲ್ಲೇ ತುಳಿದುಕೊಂಡರು. ಮಠದವರು ಬಂದು ಬಟ್ಟೆ ಜಪ್ತಿ ಮಾಡಿದರು. 1274ರಲ್ಲಿ ಜಗಳ ಎಷ್ಟು ಬೆಳೆಯಿತು ಅಂದರೆ, ಊರವರು ದುಡ್ಡು ಕೂಡಿಸಿ ಕೋರ್ಟಿಗೆ ಹೋದರು, ರಾಣಿ ಎಲೀನರ್ ಆ ದಾರಿಯಲ್ಲಿ ಬಂದಾಗ ಅವಳ ಮುಂದೆಯೂ ದೂರು ಇಟ್ಟರು. ಕೊನೆಗೆ ಗೆದ್ದದ್ದು ಮಠವೇ. ನನಗೆ ಆ ಊರಿನ ಜನರ ಮೇಲೆ ತುಂಬಾ ಅಭಿಮಾನ. ತಮ್ಮ ಬಟ್ಟೆಯನ್ನು ತಮ್ಮ ಕಾಲಿನಲ್ಲಿ ತುಳಿಯುವ ಹಕ್ಕಿಗಾಗಿ ಅಷ್ಟು ದೂರ ಹೋದವರು ಅವರು.

ಗಿರಣಿ ಬಂದ ಮೇಲೂ ಕಾಲು ಪೂರ್ತಿ ಬಿಡುವು ಪಡೆಯಲಿಲ್ಲ. 14ನೇ ಶತಮಾನದ ಕವಿ ವಿಲಿಯಂ ಲ್ಯಾಂಗ್ಲೆಂಡ್ ತನ್ನ ಕಾವ್ಯದಲ್ಲಿ, ಮಗ್ಗದಿಂದ ಬಂದ ಬಟ್ಟೆ ಕಾಲಡಿಯಲ್ಲೋ ಗಿರಣಿಯ ಕೊಡತಿಯಲ್ಲೋ ಹದವಾಗುವ ತನಕ ಉಡಲು ಯೋಗ್ಯವಲ್ಲ ಅನ್ನುತ್ತಾನೆ. ಅಂದರೆ ಅವನ ಕಾಲದಲ್ಲಿ ಎರಡೂ ನಡೆಯುತ್ತಿದ್ದವು. ಗಿರಣಿ ನೋಡಿಕೊಳ್ಳುವವನನ್ನೂ ಜನ ವಾಕರ್ ಅಂತಲೇ ಕರೆದರು. ಗಿರಣಿಗೇ ವಾಕ್ ಮಿಲ್ ಅಂತ ಹೆಸರು ಬಂತು. ಲ್ಯಾಂಕಾಶೈರಿನ ಬರ್ನ್ಲಿ ಹತ್ತಿರ ವಾಕ್ ಮಿಲ್ ಅನ್ನುವ ಹಳ್ಳಿಯೇ ಇದೆ. ಪಕ್ಕದ ವೇಲ್ಸ್‌ನಲ್ಲಿ ಅಪ್ಪನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುವ ರೂಢಿ. ಅಲ್ಲಿ ಈ ಕೆಲಸದ ಗುರುತು ಊರಿನ ಹೆಸರಿನಲ್ಲಿ ಉಳಿಯಿತು. ವೆಲ್ಷ್ ಭಾಷೆಯಲ್ಲಿ ಪಾಂಡಿ ಅಂದರೆ ಬಟ್ಟೆ ಕುಟ್ಟುವ ಗಿರಣಿ. ಕಲ್ಲಿದ್ದಲು ಕಾರ್ಮಿಕರ ಹೋರಾಟಕ್ಕೆ ಹೆಸರಾದ ಟೋನಿಪಾಂಡಿ ಊರಿನಲ್ಲಿರುವುದು ಅದೇ ಪಾಂಡಿ.

ಸ್ಕಾಟ್‌ಲೆಂಡಿನ ಪಡುವಣ ದ್ವೀಪಗಳಲ್ಲಿ ಮಾತ್ರ ಈ ಕೆಲಸ 20ನೇ ಶತಮಾನದ ನಡುವಿನವರೆಗೂ ಮನೆಯಲ್ಲೇ ಉಳಿದಿತ್ತು. ಅದು ಹೆಂಗಸರ ಕೆಲಸ. ಉದ್ದನೆಯ ಹಲಗೆಯ ಎರಡೂ ಬದಿಗೆ ಎದುರುಬದುರು ಕೂರುತ್ತಾರೆ. ಮೂತ್ರದಲ್ಲಿ ನೆನೆಸಿದ ಟ್ವೀಡ್ ಬಟ್ಟೆಯ ಎರಡು ತುದಿ ಸೇರಿಸಿ ಬಳೆಯ ಹಾಗೆ ಮಾಡಿರುತ್ತಾರೆ. ಅದನ್ನು ಹಲಗೆಗೆ ಬಡಿದು, ಒತ್ತಿ, ಪಕ್ಕದವಳ ಕಡೆ ತಳ್ಳುತ್ತಾರೆ. ಬಟ್ಟೆ ಸೂರ್ಯ ಸುತ್ತುವ ದಿಕ್ಕಿನಲ್ಲೇ ಸುತ್ತಬೇಕು, ತಿರುಗುಮುರುಗಾದರೆ ಅಪಶಕುನ. ಒಬ್ಬಳು ಪದ ಎತ್ತಿಕೊಡುತ್ತಾಳೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಬಡಿತಕ್ಕೆ ಸರಿಯಾಗಿ ತಾಳ. ಬಟ್ಟೆ ಎಷ್ಟು ಕುಗ್ಗಿತು ಅಂತ ನಡುಬೆರಳಿನಿಂದ ಅಳೆದು ನೋಡುತ್ತಾರೆ. ಇನ್ನೂ ಸಾಲದು ಅನ್ನಿಸಿದರೆ ಇನ್ನೊಂದು ಪದ. ಈ ಪದಗಳ ಹಳೆಯ ಧ್ವನಿಮುದ್ರಣಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಭಾಷೆ ಒಂದಕ್ಷರ ಅರ್ಥವಾಗದಿದ್ದರೂ ಕೇಳಿ. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದವರ ಮನೆಯಲ್ಲಿ ಬೆಳೆದವರಿಗೆ ಆ ಲಯ ತಕ್ಷಣ ಗುರುತು ಹತ್ತುತ್ತದೆ.

ಈಗ ಒಂದು ಎಚ್ಚರಿಕೆ. ಮೊಮ್ಮಗಳ ಟೀಚರ್‌ರ ಪೂರ್ವಜರು ಬಟ್ಟೆ ತುಳಿದವರೇ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಹೆಸರಿನ ಅರ್ಥ ಬೇರೆ, ಒಂದು ಮನೆಯ ಇತಿಹಾಸ ಬೇರೆ. ನ್ಯೂಕ್ಯಾಸಲ್ ಪಟ್ಟಣದಲ್ಲಿ ವಾಕರ್ ಅನ್ನುವ ಒಂದು ಬಡಾವಣೆಯೇ ಇದೆ. ರೋಮನ್ನರು ಕಟ್ಟಿದ ದೊಡ್ಡ ಗೋಡೆಯ ಪಕ್ಕದ ಜೌಗು ನೆಲ ಅಂತ ಅದರ ಅರ್ಥ. ಆ ಊರಿನಿಂದ ಬಂದು ಊರಿನ ಹೆಸರನ್ನೇ ಇಟ್ಟುಕೊಂಡವರು ಇರಬಹುದು. ಅಮೆರಿಕದಲ್ಲಿ ಗುಲಾಮರಾಗಿದ್ದ ಕಪ್ಪು ಜನ ಬಿಡುಗಡೆಯಾದ ಮೇಲೆ ಸುತ್ತಮುತ್ತಲಿದ್ದ ಇಂಗ್ಲಿಷ್ ಅಡ್ಡಹೆಸರುಗಳನ್ನು ತಮ್ಮದಾಗಿಸಿಕೊಂಡರು. ಹಾಗಾಗಿ ಅಲ್ಲಿನ ಎಷ್ಟೋ ವಾಕರ್‌ಗಳಿಗೂ ಯಾರ್ಕ್‌ಶೈರಿನ ತೊಟ್ಟಿಗೂ ರಕ್ತಸಂಬಂಧ ಇಲ್ಲ. ನಮ್ಮ ಬೆಂಗಳೂರು, ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲೂ ಇಂಗ್ಲಿಷ್ ಅಡ್ಡಹೆಸರುಗಳಿವೆ. ಅವು ಬಂದ ದಾರಿ ಒಂದೊಂದು ಮನೆಯದೂ ಒಂದೊಂದು. ಇಬ್ಬರು ವಾಕರ್ ಸಿಕ್ಕಿದರೆ ಅವರು ದಾಯಾದಿಗಳು ಅಂತಲೂ ತಿಳಿಯಬೇಡಿ. ಬಟ್ಟೆ ನೇಯುತ್ತಿದ್ದ ಊರೂರಿನಲ್ಲೂ ಒಬ್ಬ ವಾಕರ್ ಇದ್ದ. ಇಬ್ಬರು ಬಡಿಗೇರರು ಸಿಕ್ಕಿದರೆ ನಾವು ಒಂದೇ ಮನೆಯವರು ಅಂದುಕೊಳ್ಳುತ್ತೇವಾ? ಹಾಗೇ. ಇಂಗ್ಲೆಂಡಿನ ಅತಿ ಸಾಮಾನ್ಯ 20 ಅಡ್ಡಹೆಸರುಗಳ ಸಾಲಿನಲ್ಲಿ ವಾಕರ್ ಬರುವುದಕ್ಕೆ ಇದೇ ಕಾರಣ. ಫುಲ್ಲರ್, ಟಕ್ಕರ್ ಅಷ್ಟಿಲ್ಲ. ಮುಂದೆ ಉಣ್ಣೆ ಕಾರ್ಖಾನೆಗಳೂ ಜನವೂ ದಟ್ಟವಾಗಿ ಬೆಳೆದದ್ದು ಬಡಗಣದಲ್ಲೇ, ವಾಕರ್ ಸೀಮೆಯಲ್ಲೇ. ಅದೂ ಆ ಹೆಸರಿಗೆ ನೆರವಾಗಿದೆ ಅಂತ ನನ್ನ ಅನಿಸಿಕೆ.

ಟೀಚರ್‌ಗೆ ತಮ್ಮ ಮನೆತನ ಹುಡುಕುವ ಆಸೆ ಇದ್ದರೆ ದಾರಿ ಕಷ್ಟವೇನಲ್ಲ. ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1837ರಿಂದ ಇದೆ. ಮನೆಯವರೆಲ್ಲರ ಹೆಸರು, ಕೆಲಸ ಬರೆದ ಜನಗಣತಿ 1841ರಿಂದ ಸಿಗುತ್ತದೆ. 100 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುವುದು ಅಲ್ಲಿನ ನಿಯಮ. 1921ರ ಗಣತಿಯನ್ನು 2022ರಲ್ಲಿ ತೆರೆದರು. ಇನ್ನೂ ಹಿಂದೆ ಹೋಗಬೇಕಾದರೆ ಊರ ಚರ್ಚುಗಳ ಪುಸ್ತಕಗಳಿವೆ. ಅವುಗಳನ್ನು ಇಡಬೇಕು ಅಂತ ಆಜ್ಞೆಯಾದದ್ದು 1538ರಲ್ಲಿ. ಒಂದೊಂದೇ ತಲೆಮಾರು ಹಿಂದಕ್ಕೆ ಹೋಗುತ್ತಾ ಅವರ ಮನೆಯವರು ಯಾವ ಊರಿನಲ್ಲಿ ನಿಲ್ಲುತ್ತಾರೆ ನೋಡಬೇಕು. ಆ ಊರಿನಲ್ಲಿ ಹೊಳೆ, ಹಳೆಯ ಗಿರಣಿಯ ಜಾಗ ಇದ್ದರೆ ಅನುಮಾನ ಬಹಳ ಮಟ್ಟಿಗೆ ಕಳೆಯುತ್ತದೆ.

ಮೊಮ್ಮಗಳಿಗೆ ತೋರಿಸಲು ಲೀಡ್ಸ್‌ನಲ್ಲೇ ಒಂದು ಒಳ್ಳೆಯ ಜಾಗ ಇದೆ. ಏರ್ ನದಿಯ ದಡದ ಆರ್ಮ್ಲಿ ಮಿಲ್ಸ್. ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಉಣ್ಣೆ ಗಿರಣಿ ಅದಾಗಿತ್ತು. ಬೆಂಕಿಗೆ ಸುಟ್ಟುಹೋದ ಹಳೆಯ ಗಿರಣಿಯ ಜಾಗದಲ್ಲಿ 1805ರಲ್ಲಿ ಬೆಂಜಮಿನ್ ಗಾಟ್ ಅನ್ನುವ ವ್ಯಾಪಾರಿ ಅದನ್ನು ಮತ್ತೆ ಕಟ್ಟಿಸಿದ. ಅಲ್ಲಿ ನದಿಯ ನೀರಿನ ಬಲದಿಂದ ಬಟ್ಟೆ ಕುಟ್ಟುತ್ತಿದ್ದರು. ಈಗ ಅದು ಮ್ಯೂಸಿಯಂ. ಅಪ್ಪ ಅಮ್ಮ ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೋಗಲಿ.

ರಜೆಗೆ ಅವಳು ಹುಬ್ಬಳ್ಳಿಗೆ ಬಂದಾಗ ಮನೆಯಲ್ಲಿರುವ ಒಂದು ದಪ್ಪ ಕಂಬಳಿಯನ್ನು ತೊಟ್ಟಿಯಲ್ಲಿ ನೆನೆಹಾಕಿ. ಅವಳ ಕಾಲು ತೊಳೆಸಿ ಒಳಗೆ ಇಳಿಸಿ. ನೀರು ತಣ್ಣಗಿರಲಿ, ಇಲ್ಲದಿದ್ದರೆ ಕಂಬಳಿ ಕುಗ್ಗುತ್ತದೆ. ಹತ್ತು ನಿಮಿಷ ತುಳಿದ ಮೇಲೆ ಅವಳ ಮೀನಖಂಡ ನೋಯಲು ಶುರುವಾಗುತ್ತದೆ. ಆಗ ಹೇಳಿ, ನಿಮ್ಮ ಟೀಚರ್ ಹೆಸರು ಹುಟ್ಟಿದ್ದು ಇಲ್ಲೇ ಅಂತ.